ಅಳತೆಗೋಲು ಯಾವ ಭಾಷೆಯದು?

ಮಗುವಿಗೆ ಮಾತು ತಡವಾದರೆ ಮನೆಯವರ ಆತಂಕ ಎಲ್ಲ ದೇಶಗಳಲ್ಲೂ ಒಂದೇ ಬಗೆಯದು. ಕನ್ನಡನಾಡಿನ ಮನೆಗಳಲ್ಲಿ ಅಜ್ಜಿಯಂದಿರು ಬಜೆ ತೇಯ್ದು ಮಗುವಿನ ನಾಲಿಗೆಗೆ ಸವರುತ್ತಿದ್ದರು. ‘ಇವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು’ ಎಂದು ಸೊಸೆಗೆ ಸಮಾಧಾನ ಹೇಳುತ್ತಿದ್ದರು. ಕೆಲವು ಮಕ್ಕಳ ವಿಷಯದಲ್ಲಿ ಆ ಸಮಾಧಾನ ನಿಜವಾಗುತ್ತಿತ್ತು. ಕೆಲವರ ವಿಷಯದಲ್ಲಿ ಆಗುತ್ತಿರಲಿಲ್ಲ. ಯಾವ ಮಗು ತಾನಾಗಿಯೇ ಮಾತಿಗೆ ಬರುತ್ತದೆ, ಯಾವ ಮಗುವಿಗೆ ನೆರವು ಬೇಕು ಎಂಬುದನ್ನು ಎಳವೆಯಲ್ಲೇ ಗುರುತಿಸುವುದು ವಾಕ್ ಮತ್ತು ಭಾಷಾ ಪರೀಕ್ಷೆಯ ಉದ್ದೇಶ. ಮನೆಯ ಭಾಷೆಯೇ ಶಾಲೆಯ ಭಾಷೆಯೂ ಪರೀಕ್ಷಕರ ಭಾಷೆಯೂ ಆಗಿದ್ದಾಗ ಈ ಕೆಲಸಕ್ಕೆ ಒಂದು ದಾರಿ ಇರುತ್ತದೆ. ಆದರೆ ಮನೆಯದು ಒಂದು ಭಾಷೆ, ಪರೀಕ್ಷೆಯದು ಇನ್ನೊಂದು ಭಾಷೆ ಆದಾಗ ಏನಾಗುತ್ತದೆ? ಈ ಪ್ರಶ್ನೆಗೆ ವಿವರವಾದ ಉತ್ತರ ದೊರೆಯುವುದು ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಪ್ಯಾನಿಷ್ ಮಾತನಾಡುವ ಮಕ್ಕಳ ಇತಿಹಾಸದಲ್ಲಿ.

ಅಮೆರಿಕದಲ್ಲಿ ಸ್ಪ್ಯಾನಿಷ್ ನಿನ್ನೆ ಮೊನ್ನೆ ಬಂದ ಭಾಷೆಯಲ್ಲ. 1848ರ ಗ್ವಾಡಲೂಪೆ ಇಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊದ ಉತ್ತರ ಭಾಗದ ವಿಶಾಲ ಪ್ರದೇಶ ಅಮೆರಿಕದ ವಶವಾಯಿತು. ಅಲ್ಲಿನ ಸ್ಪ್ಯಾನಿಷ್ ಜನ ತಮ್ಮ ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಗಡಿಯೇ ಅವರನ್ನು ದಾಟಿ ಹೋಗಿತ್ತು. 1898ರಲ್ಲಿ ಪೋರ್ಟೊರಿಕೊ ದ್ವೀಪ ಅಮೆರಿಕಕ್ಕೆ ಸೇರಿತು. ಅಲ್ಲಿನವರಿಗೆ 1917ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು, ಎರಡನೆಯ ಮಹಾಯುದ್ಧದ ನಂತರ ಅವರಲ್ಲಿ ಬಹಳ ಮಂದಿ ನ್ಯೂಯಾರ್ಕಿಗೆ ಬಂದು ನೆಲೆಸಿದರು. 1959ರ ಕ್ಯೂಬಾ ಕ್ರಾಂತಿಯ ಬಳಿಕ ಮಯಾಮಿ ನಗರ ಇನ್ನೊಂದು ಸ್ಪ್ಯಾನಿಷ್ ನೆಲೆಯಾಯಿತು. ಆಮೇಲೆ ಮಧ್ಯ ಅಮೆರಿಕದ ದೇಶಗಳಿಂದ ಜನ ಬಂದರು. ಇಂದು ಅಮೆರಿಕದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಆಡುವವರ ಸಂಖ್ಯೆ 4 ಕೋಟಿಗೂ ಹೆಚ್ಚು. ಅವರ ಮಕ್ಕಳು ಮೂರು ನಾಲ್ಕು ವರ್ಷದವರೆಗೆ ಬಹುಮಟ್ಟಿಗೆ ತಾಯಿಯ ಭಾಷೆಯಲ್ಲೇ ಬೆಳೆದು, ಶಿಶುವಿಹಾರದ ಬಾಗಿಲಲ್ಲಿ ಇಂಗ್ಲಿಷನ್ನು ಎದುರುಗೊಳ್ಳುತ್ತಾರೆ. ಸರಿಯಾಗಿ ಆ ಹೊತ್ತಿಗೇ ಮಗುವಿನ ಮಾತನ್ನು ಅಳೆಯುವ ಕೆಲಸವೂ ಶುರುವಾಗುತ್ತದೆ.

ಈ ಅಳತೆಯ ಚರಿತ್ರೆ ಬುದ್ಧಿಶಕ್ತಿಯ ಪರೀಕ್ಷೆಗಳಿಂದ ಆರಂಭವಾಗುತ್ತದೆ. ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆ ಅಟ್ಲಾಂಟಿಕ್ ದಾಟಿ, 1916ರಲ್ಲಿ ‘ಸ್ಟ್ಯಾನ್‌ಫರ್ಡ್-ಬಿನೆ’ ಎಂಬ ಹೆಸರಿನಲ್ಲಿ ಅಮೆರಿಕದ ಶಾಲೆಗಳಿಗೆ ಬಂತು. ವಲಸೆ ಬಂದವರ ಮಕ್ಕಳು ಇಂಗ್ಲಿಷಿನ ಈ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದರು. ಮನೆಯಲ್ಲಿ ಪರಭಾಷೆ ಆಡುವುದೇ ಬುದ್ಧಿ ಕುಂಠಿತವಾಗಲು ಮುಖ್ಯ ಕಾರಣಗಳಲ್ಲೊಂದು ಎಂಬ ಅಭಿಪ್ರಾಯ 1920ರ ದಶಕದಲ್ಲಿ ಹೆಸರಾಂತ ಮನಶ್ಶಾಸ್ತ್ರಜ್ಞರಿಂದಲೇ ಬಂತು. ಅಂಕ ಕಡಿಮೆಯಾದದ್ದು ಪರೀಕ್ಷೆಯ ಭಾಷೆಯಿಂದಲೋ ಮಗುವಿನ ಬುದ್ಧಿಯಿಂದಲೋ ಎಂದು ಕೇಳಿದವರು ವಿರಳ. ಕೇಳಿದವರಲ್ಲಿ ಒಬ್ಬರು ನ್ಯೂ ಮೆಕ್ಸಿಕೊದ ಜಾರ್ಜ್ ಸ್ಯಾಂಚೆಸ್. ಬಡ ಮೆಕ್ಸಿಕನ್-ಅಮೆರಿಕನ್ ಕುಟುಂಬದಿಂದ ಬಂದ ಈ ಶಿಕ್ಷಣತಜ್ಞ 1934ರಲ್ಲಿ ಒಂದು ಎಚ್ಚರಿಕೆಯ ಲೇಖನ ಪ್ರಕಟಿಸಿದರು. ಒಂದು ಪರೀಕ್ಷೆಯನ್ನು ಯಾವ ಮಕ್ಕಳ ಆಧಾರದ ಮೇಲೆ ರೂಪಿಸಲಾಗಿದೆಯೋ ಆ ಮಕ್ಕಳಿಗೆ ಪರಿಚಿತವಾದ ಸಂಗತಿಗಳು ಪರೀಕ್ಷೆಗೆ ಕುಳಿತ ಮಗುವಿಗೂ ಅಷ್ಟೇ ಪರಿಚಿತವಾಗಿರಬೇಕು, ಇಲ್ಲದಿದ್ದರೆ ಆ ಅಂಕಕ್ಕೆ ಅರ್ಥವಿಲ್ಲ ಎಂಬುದು ಅವರ ವಾದದ ತಿರುಳು. ಅದನ್ನು ಶಾಲೆಗಳು ಕಿವಿಗೆ ಹಾಕಿಕೊಳ್ಳಲು ಇನ್ನೂ 36 ವರ್ಷ ಬೇಕಾಯಿತು.

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆ ತರಕಾರಿ ಬೆಳೆಗೆ ಪ್ರಸಿದ್ಧ. ಅಲ್ಲಿನ ಹೊಲಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದವರು. ಆ ಕಣಿವೆಯ ಸೋಲೆಡಾಡ್ ಎಂಬ ಪುಟ್ಟ ಊರಿನಲ್ಲಿ ಒಂಬತ್ತು ಮಕ್ಕಳನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ಅವರ ಮನೆಮಾತು ಸ್ಪ್ಯಾನಿಷ್; ಅವರನ್ನು ಪರೀಕ್ಷಿಸಿದ್ದು ಇಂಗ್ಲಿಷಿನಲ್ಲಿ. ಬಡವರ ಪರವಾಗಿ ವಾದಿಸುವ ಗ್ರಾಮೀಣ ಕಾನೂನು ನೆರವು ಸಂಸ್ಥೆಯೊಂದು 1970ರಲ್ಲಿ ಅವರ ಪರವಾಗಿ ರಾಜ್ಯ ಶಿಕ್ಷಣ ಮಂಡಳಿಯ ವಿರುದ್ಧ ಮೊಕದ್ದಮೆ ಹೂಡಿತು. ‘ಡಯಾನಾ’ ಎಂಬ ಮಗುವಿನ ಹೆಸರಿನಿಂದ ಈ ಪ್ರಕರಣ ಶಿಕ್ಷಣದ ಚರಿತ್ರೆಯಲ್ಲಿ ಉಳಿದಿದೆ. ಎರಡೂ ಭಾಷೆ ಬಲ್ಲವರಿಂದ ಮಕ್ಕಳನ್ನು ಮತ್ತೆ ಪರೀಕ್ಷಿಸಿದಾಗ, ಸ್ಪ್ಯಾನಿಷಿನಲ್ಲೂ ಉತ್ತರ ಹೇಳಲು ಬಿಟ್ಟಾಗ, ಬಹುಪಾಲು ಮಕ್ಕಳ ಅಂಕಗಳು ಬುದ್ಧಿಮಾಂದ್ಯದ ಗೆರೆಯಿಂದ ಮೇಲೇರಿದವು. ಮಕ್ಕಳು ಬದಲಾಗಿರಲಿಲ್ಲ, ಪ್ರಶ್ನೆ ಕೇಳಿದ ಭಾಷೆ ಬದಲಾಗಿತ್ತು ಅಷ್ಟೆ. ಪ್ರಕರಣ ರಾಜಿಯಲ್ಲಿ ಮುಗಿಯಿತು. ಮಕ್ಕಳನ್ನು ಅವರ ಮುಖ್ಯ ಭಾಷೆಯಲ್ಲಿ ಪರೀಕ್ಷಿಸಬೇಕು, ಈಗಾಗಲೇ ಅಂಥ ತರಗತಿಗಳಲ್ಲಿರುವ ಮೆಕ್ಸಿಕನ್ ಮತ್ತು ಚೀನೀ ಮೂಲದ ಮಕ್ಕಳನ್ನು ಮತ್ತೆ ಪರೀಕ್ಷಿಸಬೇಕು ಎಂದು ರಾಜ್ಯ ಒಪ್ಪಿಕೊಂಡಿತು.

ಅಮೆರಿಕದ ಸಂಸತ್ತು 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣ ಕಾಯಿದೆಯನ್ನು ಅಂಗೀಕರಿಸಿದಾಗ ಈ ತತ್ತ್ವ ಇಡೀ ದೇಶಕ್ಕೆ ಅನ್ವಯಿಸಿತು. ಮಗುವಿನ ಸ್ವಂತ ಭಾಷೆಯಲ್ಲಿ ಪರೀಕ್ಷೆ ನಡೆಯಬೇಕು, ಒಂದೇ ಒಂದು ಪರೀಕ್ಷೆಯ ಆಧಾರದ ಮೇಲೆ ಮಗುವಿನ ಹಣೆಬರಹ ನಿರ್ಧರಿಸಬಾರದು ಎಂದು ಕಾಯಿದೆ ಹೇಳಿತು. 1986ರ ತಿದ್ದುಪಡಿ ಹುಟ್ಟಿದಾಗಿನಿಂದ ಮೂರು ವರ್ಷದವರೆಗಿನ ಕೂಸುಗಳಿಗೂ ನೆರವಿನ ವ್ಯವಸ್ಥೆ ಮಾಡಿತು. ಇಂಗ್ಲಿಷ್ ಬಾರದಿರುವುದೇ ಮುಖ್ಯ ಕಾರಣವಾಗಿದ್ದರೆ ಮಗುವನ್ನು ಅಂಗವಿಕಲ ಎಂದು ಕರೆಯಕೂಡದು ಎಂಬ ಮಾತು 1997ರಲ್ಲಿ ಸೇರಿತು.

ಕಾನೂನೇನೋ ಸ್ಪಷ್ಟವಾಯಿತು. ಆದರೆ ಸ್ಪ್ಯಾನಿಷಿನಲ್ಲಿ ಅಳೆಯಿರಿ ಎಂದರೆ ಅಳೆಯುವ ಕೋಲೆಲ್ಲಿ? ಮೊದಲು ಹೊಳೆದ ಉಪಾಯ ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸುವುದು. ಇದು ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ಒಳಗೆ ಟೊಳ್ಳು. ಇಂಗ್ಲಿಷಿನ ಎಳೆಯ ಮಕ್ಕಳ ಮಾತಿನಲ್ಲಿ ‘ಕ್ಯಾಟ್’, ‘ಡಾಗ್’, ‘ಬಾಲ್’ ಎಂಬ ಒಂದು ಉಸಿರಿನ ಪದಗಳು ಹೇರಳ. ಸ್ಪ್ಯಾನಿಷ್ ಮಗುವಿನ ಪಾಲಿಗೆ ಬೆಕ್ಕು ‘ಗಾತೊ’, ಚಿಟ್ಟೆ ‘ಮಾರಿಪೋಸಾ’, ಆನೆ ‘ಎಲೆಫಾಂತೆ’. ಉದ್ದ ಪದದ ತಲೆ ಕತ್ತರಿಸಿ ‘ಪೋಸಾ’ ಎನ್ನುವುದು ಎರಡು ವರ್ಷದ ಸ್ಪ್ಯಾನಿಷ್ ಮಗುವಿಗೆ ಸಹಜ. ಒಂದು ಭಾಷೆಯಲ್ಲಿ ಸುಲಭವಾದ ಪದ ಅನುವಾದವಾದಾಗ ಕಷ್ಟದ್ದಾಗಬಹುದು, ಕಷ್ಟದ್ದು ಸುಲಭವಾಗಬಹುದು. ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಪರೀಕ್ಷೆಯ ಮೆಟ್ಟಿಲುಗಳೇ ಅದಲುಬದಲಾಗುತ್ತವೆ.

ವ್ಯಾಕರಣದ ಮಾತು ಇನ್ನೂ ಸೂಕ್ಷ್ಮ. ಇದನ್ನು ಕನ್ನಡಿಗರು ಬೇಗ ಅರ್ಥಮಾಡಿಕೊಳ್ಳಬಲ್ಲರು. ಕನ್ನಡದಲ್ಲಿ ‘ಬಂದೆ’ ಎಂದರೆ ಸಾಕು, ‘ನಾನು’ ಬೇಕಾಗಿಲ್ಲ. ‘ಬಂದಳು’ ಎಂದರೆ ಬಂದವಳು ಹೆಣ್ಣು ಎಂದು ಗೊತ್ತಾಗುತ್ತದೆ. ಸ್ಪ್ಯಾನಿಷ್ ಕೂಡ ಇಂಥ ಭಾಷೆ. ‘ಕಿಯೆರೊ’ ಎಂದರೆ ‘ನನಗೆ ಬೇಕು’, ‘ಕಿಯೆರೆ’ ಎಂದರೆ ‘ಅವನಿಗೆ ಬೇಕು’. ಕರ್ತೃಪದ ಬಿಡುವುದು ಅಲ್ಲಿ ತಪ್ಪಲ್ಲ, ಅದೇ ಸರಿಯಾದ ಮಾತು. ಇಂಗ್ಲಿಷಿನ ಕಣ್ಣಿಂದ ನೋಡಿದ ಪರೀಕ್ಷಕರಿಗೆ ಅದೇ ವಾಕ್ಯ ಅರ್ಧಂಬರ್ಧವಾಗಿ ಕಾಣುತ್ತದೆ. ಸ್ಪ್ಯಾನಿಷಿನ ವ್ಯಾಕರಣ ಮಗುವಿನ ಮೇಲೆ ಹೊರಿಸುವ ಭಾರವೇ ಬೇರೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಲಿಂಗವಿದೆ. ಮೇಜು ಹೆಣ್ಣು, ಪುಸ್ತಕ ಗಂಡು. ಪದದ ಹಿಂದೆ ಬರುವ ‘ಎಲ್’, ‘ಲಾ’, ‘ಲೋಸ್’, ‘ಲಾಸ್’ ಎಂಬ ಗುಣಸೂಚಕಗಳು ಆ ಲಿಂಗಕ್ಕೂ ವಚನಕ್ಕೂ ಹೊಂದಬೇಕು. ಹಿಂದಿ ಕಲಿಯುವಾಗ ರೊಟ್ಟಿ ಹೆಣ್ಣೋ ಗಂಡೋ ಎಂದು ತಡವರಿಸಿದ ಕನ್ನಡಿಗರಿಗೆ ಈ ಕಷ್ಟ ಗೊತ್ತು. ಸ್ಪ್ಯಾನಿಷ್ ಮನೆಯ ಮಗು ಮಾತ್ರ ಇದನ್ನು ತಾಯಿಯ ತೊಡೆಯ ಮೇಲೆ ಕಲಿತುಬಿಡುತ್ತದೆ.

ಭಾಷೆಯ ಬೆಳವಣಿಗೆಯಲ್ಲಿ ನಿಜವಾದ ತೊಡಕಿರುವ ಮಗು ಎಡವುವುದು ಆಯಾ ಭಾಷೆಯ ಇಂಥ ಕಠಿಣ ಜಾಗಗಳಲ್ಲಿ. ಇಂಗ್ಲಿಷ್ ಮಗು ಕ್ರಿಯಾಪದದ ಕಾಲಸೂಚಕ ಪ್ರತ್ಯಯಗಳನ್ನು ಬಹುಕಾಲ ನುಂಗುತ್ತದೆ. ಸ್ಪ್ಯಾನಿಷ್ ಮಗುವಿನಲ್ಲಿ ಆ ದೋಷ ಅಷ್ಟು ಎದ್ದು ಕಾಣುವುದಿಲ್ಲ. ಅದು ತಪ್ಪುವುದು ‘ಎಲ್’, ‘ಲಾ’ಗಳ ಬಳಕೆಯಲ್ಲಿ, ‘ಅದನ್ನು’, ‘ಅವಳನ್ನು’ ಎಂಬರ್ಥದ ಪುಟ್ಟ ಸರ್ವನಾಮಗಳಲ್ಲಿ. ಸಂಶೋಧಕರು 1990ರ ದಶಕದಿಂದೀಚೆಗೆ ಇದನ್ನು ತೋರಿಸಿಕೊಟ್ಟರು. ಹೀಗಾಗಿ ಅನುವಾದಿಸಿದ ಪರೀಕ್ಷೆ ಕೇಳಬಾರದ್ದನ್ನು ಕೇಳುತ್ತದೆ, ಕೇಳಬೇಕಾದ್ದನ್ನು ಬಿಡುತ್ತದೆ. ಚೆನ್ನಾಗಿರುವ ಮಗುವನ್ನು ಅನುತ್ತೀರ್ಣಗೊಳಿಸುವಷ್ಟೇ ಸುಲಭವಾಗಿ ತೊಡಕಿರುವ ಮಗುವನ್ನು ಉತ್ತೀರ್ಣಗೊಳಿಸಿ ಕಳಿಸುತ್ತದೆ.

ಉಚ್ಚಾರಣೆಯನ್ನು ನೋಡೋಣ. ಸ್ಪ್ಯಾನಿಷ್ ಮಗು ಇಂಗ್ಲಿಷ್ ಕಲಿಯುವಾಗ ‘ಸ್ಕೂಲ್’ ಎನ್ನದೆ ‘ಎಸ್ಕೂಲ್’ ಎನ್ನುತ್ತದೆ. ಕಾರಣ, ಸ್ಪ್ಯಾನಿಷಿನಲ್ಲಿ ಪದದ ಮೊದಲಿಗೆ ಸಕಾರದ ಒತ್ತಕ್ಷರ ಬರುವುದಿಲ್ಲ. ಶಾಲೆಗೆ ಅವರ ಪದವೇ ‘ಎಸ್ಕ್ವೆಲಾ’. ಕನ್ನಡದ ಹಳ್ಳಿಗಳಲ್ಲಿ ‘ಇಸ್ಕೂಲು’ ಎನ್ನುವ ಮಗುವಿಗೆ ನಾಲಿಗೆಯ ದೋಷವಿದೆ ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ಸ್ಪ್ಯಾನಿಷಿನಲ್ಲಿ ಎರಡು ಬಗೆಯ ರಕಾರಗಳಿವೆ. ಮೆದು ರಕಾರದ ‘ಪೆರೊ’ ಎಂದರೆ ‘ಆದರೆ’. ನಾಲಿಗೆ ಝಲ್ಲನೆ ನಡುಗಿಸಿ ಹೇಳುವ, ಹಳಗನ್ನಡದ ಶಕಟರೇಫವನ್ನು ನೆನಪಿಸುವ ರಕಾರದ ‘ಪೆರ್‍ರೊ’ ಎಂದರೆ ನಾಯಿ. ಈ ನಡುಗುವ ರಕಾರ ಮಕ್ಕಳ ನಾಲಿಗೆಗೆ ಕೊನೆಗೆ ದಕ್ಕುವ ಧ್ವನಿಗಳಲ್ಲೊಂದು. ಮೂರು ವರ್ಷದ ಮಗುವಿಗೆ ಅದು ಬರಲಿಲ್ಲವೆಂದು ಚಿಂತಿಸಬೇಕಾಗಿಲ್ಲ.

ಸ್ಪ್ಯಾನಿಷ್ ಎಂಬುದು ಒಂದೇ ಬಗೆಯ ಸ್ಪ್ಯಾನಿಷೂ ಅಲ್ಲ. ಕನ್ನಡದಲ್ಲಿ ಹಳೆಯ ಮೈಸೂರಿನ ಎಷ್ಟೋ ಕಡೆ ‘ಹೋಗು’ ಎಂಬುದು ‘ಓಗು’ ಆಗುತ್ತದೆ. ಅದು ಆ ಪ್ರದೇಶದ ಮಾತಿನ ರೀತಿ. ಪೋರ್ಟೊರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯಗಳ ಮಾತಿನಲ್ಲಿ ಪದದ ಕೊನೆಯ ಸಕಾರ ಹಕಾರವಾಗುತ್ತದೆ ಅಥವಾ ಪೂರಾ ಬಿದ್ದುಹೋಗುತ್ತದೆ. ‘ಲೋಸ್ ನೀನ್ಯೋಸ್’, ಅಂದರೆ ಮಕ್ಕಳು, ಎಂಬುದು ‘ಲೊ ನೀನ್ಯೊ’ ಆಗಿ ಕೇಳಿಸುತ್ತದೆ. ಮೆಕ್ಸಿಕೊದ ಸ್ಪ್ಯಾನಿಷನ್ನು ಮಾತ್ರ ಕಲಿತ ಪರೀಕ್ಷಕರು ನ್ಯೂಯಾರ್ಕಿನ ಪೋರ್ಟೊರಿಕನ್ ಮಗುವನ್ನು ಪರೀಕ್ಷಿಸಿದರೆ, ಈ ಮಗುವಿಗೆ ಸಕಾರ ಬರುವುದಿಲ್ಲ, ಬಹುವಚನವೂ ತಿಳಿಯದು ಎಂದು ಎರಡೆರಡು ತಪ್ಪು ಬರೆದುಕೊಳ್ಳಬಹುದು. ಪದಗಳ ಕಥೆಯೂ ಹೀಗೆಯೇ. ಬಸ್ಸಿಗೆ ಮೆಕ್ಸಿಕೊದಲ್ಲಿ ‘ಕಮಿಯೋನ್’, ಕ್ಯೂಬಾ ಪೋರ್ಟೊರಿಕೊಗಳಲ್ಲಿ ‘ಗ್ವಾಗ್ವಾ’. ಅದೇ ‘ಗ್ವಾಗ್ವಾ’ ದಕ್ಷಿಣ ಅಮೆರಿಕದ ಚಿಲಿಯಲ್ಲಿ ಹಸುಗೂಸು. ಗಾಳಿಪಟ ಮೆಕ್ಸಿಕೊದಲ್ಲಿ ‘ಪಾಪಲೋತೆ’, ಪೋರ್ಟೊರಿಕೊದಲ್ಲಿ ‘ಚಿರಿಂಗಾ’, ಸ್ಪೇನಿನಲ್ಲಿ ‘ಕೊಮೆತಾ’. ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಯಲ್ಲಿ ಸರಿಯುತ್ತರ ಒಂದೇ ಎಂದು ಅಚ್ಚು ಹಾಕಿದ್ದರೆ, ಮನೆಯಲ್ಲಿ ಕಲಿತ ಸರಿಯಾದ ಪದಕ್ಕೇ ಮಗು ಅಂಕ ಕಳೆದುಕೊಳ್ಳುತ್ತದೆ.

ಎರಡು ಭಾಷೆ ಒಟ್ಟಿಗೆ ಬೆಳೆಯುವ ಮಗುವಿನ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ಅಡುಗೆಮನೆಯ ಪದಗಳು ಅದಕ್ಕೆ ಸ್ಪ್ಯಾನಿಷಿನಲ್ಲಿ ಗೊತ್ತು. ಬಣ್ಣ, ಆಕಾರ, ಅಂಕಿಗಳ ಹೆಸರು ಶಿಶುವಿಹಾರದ ಇಂಗ್ಲಿಷಿನಲ್ಲಿ ಗೊತ್ತು. ಒಂದೇ ಸಂಪತ್ತು ಎರಡು ಪೆಟ್ಟಿಗೆಗಳಲ್ಲಿ ಹಂಚಿಕೊಂಡಿರುತ್ತದೆ. ಒಂದು ಪೆಟ್ಟಿಗೆಯನ್ನು ಮಾತ್ರ ತೆರೆದು ನೋಡಿದವರಿಗೆ ಮಗು ಬಡವನಾಗಿ ಕಾಣುತ್ತದೆ. ಮಯಾಮಿಯಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೆಕ್ಕವನ್ನು ಸರಿಪಡಿಸಿತು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಬೆಳೆಯುತ್ತಿದ್ದ ಪುಟ್ಟ ಮಕ್ಕಳ ಪದಗಳನ್ನು ಎರಡೂ ಭಾಷೆಗಳಿಂದ ಕೂಡಿಸಿ ಎಣಿಸಿದಾಗ ಅವರು ಏಕಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಮಗುವಿಗೆ ಎಷ್ಟು ಸಂಗತಿಗಳ ಹೆಸರು ಯಾವುದಾದರೊಂದು ಭಾಷೆಯಲ್ಲಿ ಗೊತ್ತು ಎಂದು ಎಣಿಸುವ ಈ ಪದ್ಧತಿ ಮುಂದೆ ರೂಢಿಗೆ ಬಂತು.

ಇಲ್ಲಿಯವರೆಗಿನ ಮಾತು ಕೇಳಿದವರಿಗೆ, ಸ್ಪ್ಯಾನಿಷ್ ಮಕ್ಕಳಿಗೆ ತೊಂದರೆಯೇ ಇಲ್ಲ, ತೊಂದರೆಯೆಲ್ಲ ಪರೀಕ್ಷೆಯದು ಎನಿಸಬಹುದು. ಹಾಗಲ್ಲ. ತಪ್ಪಿಗೆ ಎರಡು ಮುಖಗಳಿವೆ. ಇಂಗ್ಲಿಷ್ ಮಾತ್ರ ಬಲ್ಲ ಅಮೆರಿಕದ ಮಕ್ಕಳ ಬಗ್ಗೆ 1997ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಶಾಲೆಗೆ ಸೇರುವ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ಏಳು ಮಕ್ಕಳಿಗೆ, ಕಿವಿ ಬುದ್ಧಿ ಎಲ್ಲ ಸರಿಯಿದ್ದೂ, ಭಾಷೆಯ ಬೆಳವಣಿಗೆಯಲ್ಲಿ ತೊಡಕಿರುತ್ತದೆ. ಸ್ಪ್ಯಾನಿಷ್ ಮನೆಗಳ ಮಕ್ಕಳನ್ನು ಈ ತೊಡಕು ಬಿಟ್ಟುಬಿಡುತ್ತದೆ ಎನ್ನಲು ಕಾರಣವಿಲ್ಲ. ಹಿಂದೆ ಶಾಲೆಗಳು ಭಾಷೆಯ ಭೇದವನ್ನು ರೋಗವೆಂದು ಕರೆದವು. ನ್ಯಾಯಾಲಯದ ಭಯ ಬಂದಮೇಲೆ ಎಷ್ಟೋ ಕಡೆ ಇದರ ವಿರುದ್ಧದ ತಪ್ಪು ನಡೆಯಿತು. ‘ಎರಡು ಭಾಷೆಯ ಗೊಂದಲ, ಇಂಗ್ಲಿಷ್ ಬಂದಮೇಲೆ ಸರಿಹೋಗುತ್ತದೆ’ ಎಂದು ಹೇಳಿ ನಿಜವಾಗಿ ನೆರವು ಬೇಕಾಗಿದ್ದ ಮಗುವನ್ನು ಎರಡು ಮೂರು ವರ್ಷ ಕಾಯಿಸಿದರು. ಭಾಷೆ ಅತ್ಯಂತ ವೇಗವಾಗಿ ಬೆಳೆಯುವ ವರ್ಷಗಳು ಅವೇ. ಮೊದಲನೆಯ ತಪ್ಪು ಮಗುವಿಗೆ ಇಲ್ಲದ ಹಣೆಪಟ್ಟಿ ಕಟ್ಟುತ್ತದೆ. ಎರಡನೆಯದು ಇರುವ ಅವಕಾಶವನ್ನು ಕಸಿಯುತ್ತದೆ.

ಎರಡು ಭಾಷೆಗಳಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ದ್ವಿಭಾಷಿ ಮಕ್ಕಳೂ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ ಆಡುತ್ತಾರೆ; ಎರಡು ವರ್ಷದ ಹೊತ್ತಿಗೆ ಎರಡು ಪದ ಜೋಡಿಸಿ ‘ಮಾಸ್ ಲೆಚೆ’ (ಇನ್ನಷ್ಟು ಹಾಲು) ಎನ್ನುತ್ತಾರೆ. ಎರಡು ವರ್ಷವಾದರೂ ಯಾವ ಭಾಷೆಯಲ್ಲೂ ಎರಡು ಪದ ಕೂಡಿಸದ ಮಗು, ಕರೆದರೆ ತಿರುಗದ ಮಗು, ಬಂದಿದ್ದ ಮಾತನ್ನು ಕಳೆದುಕೊಂಡ ಮಗು ಮನೆಯಲ್ಲಿ ಎಷ್ಟು ಭಾಷೆಗಳಿದ್ದರೂ ತಜ್ಞರ ಬಳಿಗೆ ಹೋಗಲೇಬೇಕು. ಇಲ್ಲಿ ಒಂದು ಸರಳ ಸೂತ್ರವಿದೆ. ಭಾಷೆಯನ್ನು ಕಲಿಯುವ ಶಕ್ತಿಯಲ್ಲೇ ತೊಡಕಿದ್ದರೆ ಅದು ಮಗುವಿನ ಎರಡು ಭಾಷೆಗಳಲ್ಲೂ ಕಾಣಿಸುತ್ತದೆ. ಮನೆಯ ಸ್ಪ್ಯಾನಿಷಿನಲ್ಲಿ ಚೆನ್ನಾಗಿ ಕಥೆ ಹೇಳುವ ಮಗು ಇಂಗ್ಲಿಷಿನಲ್ಲಿ ತಡವರಿಸಿದರೆ ಅದು ಹೊಸ ಭಾಷೆ ಕಲಿಯುತ್ತಿರುವ ಲಕ್ಷಣ. ಈ ಸೂತ್ರಕ್ಕೂ ಒಂದು ಎಚ್ಚರಿಕೆ ಬೇಕು. ಶಿಶುವಿಹಾರದಲ್ಲಿ ಇಂಗ್ಲಿಷ್ ಮಾತ್ರ ಕೇಳುವ ಮಗುವಿಗೆ ಇಂಗ್ಲಿಷ್ ಇನ್ನೂ ಬಂದಿರುವುದಿಲ್ಲ, ಸ್ಪ್ಯಾನಿಷ್ ಮರೆಯತೊಡಗಿರುತ್ತದೆ. ಆ ನಡುಗಾಲದಲ್ಲಿ ಎರಡರಲ್ಲೂ ಅದು ದುರ್ಬಲವಾಗಿ ಕಾಣಬಹುದು. ಅದಕ್ಕೇ ಒಂದು ದಿನದ ಅಂಕಕ್ಕಿಂತ ಮಗುವಿನ ಪೂರ್ತಿ ಚರಿತ್ರೆ ಮುಖ್ಯ.

ಹಾಗಾದರೆ ಸರಿಯಾದ ಪರೀಕ್ಷೆ ಹೇಗಿರಬೇಕು? ಮೊದಲು ಕಿವಿ. ಕೇಳಿಸದ ಮಗುವಿನ ಮಾತನ್ನು ಅಳೆದು ಫಲವಿಲ್ಲ. ಆಮೇಲೆ ಮನೆಯ ಭಾಷೆಯ ಲೆಕ್ಕ. ಎದ್ದಾಗಿನಿಂದ ಮಲಗುವವರೆಗೆ ಮಗುವಿನೊಡನೆ ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಮಾತನಾಡುತ್ತಾರೆ, ಅಜ್ಜಿ ಇದ್ದಾಳೆಯೇ, ಅಣ್ಣ ಅಕ್ಕ ಶಾಲೆಯಿಂದ ಬಂದು ಇಂಗ್ಲಿಷ್ ಆಡುತ್ತಾರೆಯೇ ಎಂಬುದನ್ನು ಕೇಳಬೇಕು. ಮೂರನೆಯದು ತಾಯಿಯ ಸಾಕ್ಷ್ಯ. ಇದನ್ನು ಬಹುಕಾಲ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮರಿಯಾ ಅಡೆಲೈಡಾ ರೆಸ್ಟ್ರೆಪೊ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಡಕಿರುವ ಸ್ಪ್ಯಾನಿಷ್ ಮಕ್ಕಳನ್ನು ಉಳಿದವರಿಂದ ಬೇರ್ಪಡಿಸಿ ತೋರಿಸಿದ ಅಂಶಗಳಲ್ಲಿ ಎರಡು ಮುಂದೆ ನಿಂತವು. ಒಂದು, ಮಗು ಸಹಜವಾಗಿ ಆಡುವ ವಾಕ್ಯಗಳಲ್ಲಿನ ವ್ಯಾಕರಣ ದೋಷಗಳ ಸರಾಸರಿ. ಇನ್ನೊಂದು, ಮಗುವಿನ ಮಾತಿನ ಬಗ್ಗೆ ತಂದೆತಾಯಿ ಕೊಟ್ಟ ಮಾಹಿತಿ. ಅದೇ ವಯಸ್ಸಿನ ಬೇರೆ ಮಕ್ಕಳ ಜತೆ ತನ್ನ ಮಗುವನ್ನು ಹೋಲಿಸಿ ‘ಇವನಿಗೆ ಮಾತು ಕಷ್ಟ’ ಎಂದು ತಾಯಿ ಹೇಳಿದರೆ ಅದು ಬರಿಯ ಆತಂಕವೆಂದು ತಳ್ಳಿಹಾಕುವಂತಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗಂತೂ, ತಾಯಿ ಗುರುತು ಹಾಕುವ ಪದಪಟ್ಟಿಗಳೇ ಒಳ್ಳೆಯ ಸಾಧನ. ಡೊನಾ ಜ್ಯಾಕ್ಸನ್-ಮಾಲ್ಡೊನಾಡೊ ಮತ್ತು ಸಂಗಡಿಗರು ಇಂಥ ಪಟ್ಟಿಯನ್ನು ಇಂಗ್ಲಿಷಿನಿಂದ ಅನುವಾದಿಸದೆ, ಸ್ಪ್ಯಾನಿಷ್ ಮನೆಗಳ ಊಟ, ಆಟ, ಬಳಗದ ಪದಗಳನ್ನೇ ಆಧರಿಸಿ ಕಟ್ಟಿದರು.

ನಾಲ್ಕನೆಯದು ಮಗುವಿನ ಸಹಜ ಮಾತು. ಮರ್ಸರ್ ಮೇಯರ್ ಎಂಬ ಚಿತ್ರಕಾರ 1969ರಲ್ಲಿ ಹೊರತಂದ, ಒಂದಕ್ಷರವೂ ಇಲ್ಲದ ಚಿತ್ರಪುಸ್ತಕವೊಂದಿದೆ. ತಪ್ಪಿಸಿಕೊಂಡ ಕಪ್ಪೆಯನ್ನು ಹುಡುಗನೊಬ್ಬ ನಾಯಿಯ ಜತೆ ಹುಡುಕುವ ಕಥೆ ಅದು. ಜಗತ್ತಿನ ಹತ್ತಾರು ಭಾಷೆಗಳ ಸಂಶೋಧಕರು ಮಕ್ಕಳಿಗೆ ಅದನ್ನು ಕೊಟ್ಟು ಕಥೆ ಹೇಳಿಸಿದ್ದಾರೆ. ಸ್ಪ್ಯಾನಿಷ್ ಮಗು ಅದನ್ನು ನೋಡಿ ಕಥೆ ಹೇಳುವಾಗ ಎಂಥ ವಾಕ್ಯ ಕಟ್ಟುತ್ತದೆ, ‘ಎಲ್’, ‘ಲಾ’ ಸರಿಯಾಗಿ ಬರುತ್ತವೆಯೇ, ಕಥೆಗೆ ಹಿಂದು ಮುಂದು ಇದೆಯೇ ಎಂದು ಬಲ್ಲವರು ಕೇಳಿಸಿಕೊಳ್ಳುತ್ತಾರೆ.

ಐದನೆಯದು ಕಲಿಯುವ ಶಕ್ತಿಯ ಪರೀಕ್ಷೆ. ಇದರ ಹಿಂದೆ ರಷ್ಯದ ಮನಶ್ಶಾಸ್ತ್ರಜ್ಞ ವೈಗೊಟ್‌ಸ್ಕಿಯ ವಿಚಾರವಿದೆ. ಮಗುವಿಗೆ ಈಗ ಏನು ಗೊತ್ತು ಎಂಬುದಕ್ಕಿಂತ, ಸ್ವಲ್ಪ ನೆರವು ಕೊಟ್ಟರೆ ಎಷ್ಟು ಕಲಿಯುತ್ತದೆ ಎಂಬುದು ಹೆಚ್ಚು ಹೇಳುತ್ತದೆ. ಎಲಿಜಬೆತ್ ಪೇನ್ಯಾ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಶಾಲಾಪೂರ್ವ ಮಕ್ಕಳಿಗೆ ಅನ್ವಯಿಸಿ ನೋಡಿದರು. ಚಿತ್ರ ತೋರಿಸಿ ‘ಇದೇನು?’ ಎಂದು ಕೇಳಿದಾಗ ಕೆಲವು ಮಕ್ಕಳು ಹೆಸರು ಹೇಳುವ ಬದಲು ಅದರ ಉಪಯೋಗ ಹೇಳುತ್ತಾರೆ. ಇದಕ್ಕೆ ಮನೆಯ ಸಂಸ್ಕಾರವೂ ಕಾರಣವಿರಬಹುದು. ದೊಡ್ಡವರಿಗೆ ಉತ್ತರ ಗೊತ್ತಿದ್ದೂ ಮಗುವನ್ನು ಪ್ರಶ್ನೆ ಕೇಳಿ ಪರೀಕ್ಷಿಸುವ ಆಟ ಎಲ್ಲ ಮನೆಗಳಲ್ಲೂ ಇರುವುದಿಲ್ಲ. ಅಪರಿಚಿತ ಹಿರಿಯರ ಮುಂದೆ ಸುಮ್ಮನಿರುವುದೇ ಮರ್ಯಾದೆ ಎಂದು ಕಲಿಸುವ ಕುಟುಂಬಗಳೂ ಬಹಳ. ಇಂಥ ಮಕ್ಕಳಿಗೆ ‘ಪ್ರತಿಯೊಂದಕ್ಕೂ ಒಂದು ಹೆಸರಿದೆ, ಅದನ್ನು ಹೇಳಬೇಕು’ ಎಂಬ ಆಟದ ನಿಯಮವನ್ನು ಆಡಿಸಿ ತಿಳಿಸಿ, ಮತ್ತೆ ಪರೀಕ್ಷಿಸಬೇಕು. ಚೆನ್ನಾಗಿರುವ ಮಗು ಬೇಗ ಹಿಡಿದುಕೊಂಡು ಮುಂದೆ ಹೋಗುತ್ತದೆ. ತೊಡಕಿರುವ ಮಗು ಕಲಿಸಿದ ಮೇಲೂ ಹೆಣಗುತ್ತದೆ. ಎರಡರ ನಡುವಿನ ವ್ಯತ್ಯಾಸ ಮೊದಲ ದಿನದ ಅಂಕದಲ್ಲಿ ಕಾಣುವುದಿಲ್ಲ, ಕಲಿಕೆಯ ವೇಗದಲ್ಲಿ ಕಾಣುತ್ತದೆ.

ಲೆಕ್ಕದ ಪರೀಕ್ಷೆಗಳೂ ಸುಧಾರಿಸಿವೆ. 1986ರಲ್ಲಿ ಬಂದ ಒಂದು ಸ್ಪ್ಯಾನಿಷ್ ಪದಪರೀಕ್ಷೆಯ ಮಾನದಂಡ ಮೆಕ್ಸಿಕೊ ಮತ್ತು ಪೋರ್ಟೊರಿಕೊದ ಏಕಭಾಷಾ ಮಕ್ಕಳದಾಗಿತ್ತು. ಷಿಕಾಗೊದಲ್ಲಿ ಎರಡು ಭಾಷೆಯ ನಡುವೆ ಬೆಳೆಯುವ ಮಗುವಿಗೆ ಅದು ಪೂರ್ತಿ ಹೊಂದುವಂಥದ್ದಲ್ಲ. ಪೇನ್ಯಾ ಮತ್ತು ಇತರ ನಾಲ್ವರು ತಜ್ಞರು ರೂಪಿಸಿ 2014ರಲ್ಲಿ ಹೊರಬಂದ ಇಂಗ್ಲಿಷ್-ಸ್ಪ್ಯಾನಿಷ್ ದ್ವಿಭಾಷಾ ಪರೀಕ್ಷೆ 4 ವರ್ಷದಿಂದ 7 ತುಂಬುವವರೆಗಿನ ಮಕ್ಕಳಿಗಾಗಿಯೇ ಇದೆ. ಅದರ ಎರಡು ಭಾಗಗಳು ಒಂದರ ಅನುವಾದ ಇನ್ನೊಂದಲ್ಲ. ಪ್ರತಿಯೊಂದು ಭಾಷೆಯ ಕಠಿಣ ಜಾಗಗಳನ್ನು ಆಯಾ ಭಾಷೆಯೊಳಗಿಂದಲೇ ಹುಡುಕಿ ಪ್ರಶ್ನೆ ಮಾಡಲಾಗಿದೆ.

ಉಪಕರಣ ಇದ್ದರೆ ಸಾಲದು, ಹಿಡಿಯುವ ಕೈಯೂ ಬೇಕು. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘದ ಸದಸ್ಯರಲ್ಲಿ, ಇಂಗ್ಲಿಷ್ ಅಲ್ಲದ ಭಾಷೆಯಲ್ಲೂ ಸೇವೆ ಕೊಡಬಲ್ಲೆವು ಎನ್ನುವವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಆದ್ದರಿಂದ ಎಷ್ಟೋ ಕಡೆ ದುಭಾಷಿಗಳ ನೆರವಿನಿಂದ ಕೆಲಸ ನಡೆಯುತ್ತದೆ. ದುಭಾಷಿಗೂ ತರಬೇತಿ ಬೇಕು. ಮಗುವಿನ ಅಕ್ಕನನ್ನೋ ಚಿಕ್ಕಮ್ಮನನ್ನೋ ಕೂರಿಸಿದರೆ ಅವರು ಪ್ರೀತಿಯಿಂದ ಉತ್ತರದ ಸುಳಿವು ಕೊಡುತ್ತಾರೆ, ಮಗುವಿನ ತಪ್ಪನ್ನು ತಿದ್ದಿಯೇ ಹೇಳುತ್ತಾರೆ. ಮಗು ‘ಏನು’ ಹೇಳಿತು ಎಂಬುದಷ್ಟೇ ಅಲ್ಲ, ‘ಹೇಗೆ’ ಹೇಳಿತು ಎಂಬುದು ಇಲ್ಲಿ ಬೇಕಾದ ಮಾಹಿತಿ.

ಸಲೀನಾಸ್ ಕಣಿವೆಯಲ್ಲಿ ಈ ಪ್ರಶ್ನೆ ಈಗ ಹೊಸ ರೂಪದಲ್ಲಿ ಎದ್ದಿದೆ. ಸೋಲೆಡಾಡ್ ಪಕ್ಕದ ಗ್ರೀನ್‌ಫೀಲ್ಡ್ ಊರಿಗೆ ಮೆಕ್ಸಿಕೊದ ವಹಾಕಾ ರಾಜ್ಯದಿಂದ ಬಂದ ಎಷ್ಟೋ ಕೂಲಿ ಕುಟುಂಬಗಳ ಮನೆಮಾತು ಸ್ಪ್ಯಾನಿಷ್ ಅಲ್ಲ. ಅವರದು ತ್ರೀಕಿ, ಮಿಶ್ತೆಕ್ ಎಂಬ ಮೂಲನಿವಾಸಿ ಭಾಷೆಗಳು. ಮೆಕ್ಸಿಕೊದವರು ಎಂದಾಕ್ಷಣ ಸ್ಪ್ಯಾನಿಷ್ ಪರೀಕ್ಷೆ ಮುಂದಿಟ್ಟರೆ, 1970ರಲ್ಲಿ ಇಂಗ್ಲಿಷ್ ಮಾಡಿದ ಅನ್ಯಾಯವನ್ನೇ ಈಗ ಸ್ಪ್ಯಾನಿಷ್ ಮಾಡಿದಂತಾಗುತ್ತದೆ. ಒಂದು ಕಾಲದಲ್ಲಿ ತುಳಿತಕ್ಕೊಳಗಾದ ಭಾಷೆಯೂ ಇನ್ನೊಂದು ಮಗುವಿನ ಮುಂದೆ ಅಧಿಕಾರದ ಭಾಷೆಯಾಗಬಹುದು.

ಕೊನೆಯದಾಗಿ, ತೊಡಕಿದೆ ಎಂದು ಖಚಿತವಾದ ಮೇಲೆ ಕೊಡುವ ಸಲಹೆಯ ಮಾತು. ‘ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತನಾಡಿ’ ಎಂಬ ಉಪದೇಶ ಅಮೆರಿಕದ ಸ್ಪ್ಯಾನಿಷ್ ಕುಟುಂಬಗಳಿಗೆ ಹೊಸದಲ್ಲ. ಲೇಖಕ ರಿಚರ್ಡ್ ರೋಡ್ರಿಗಸ್ 1982ರ ತಮ್ಮ ಆತ್ಮಕಥನದಲ್ಲಿ ಇಂಥ ಒಂದು ಪ್ರಸಂಗ ಬರೆದಿದ್ದಾರೆ. ಶಾಲೆಯ ಸನ್ಯಾಸಿನಿಯರು ಮನೆಗೆ ಬಂದು ಮಕ್ಕಳೊಡನೆ ಇಂಗ್ಲಿಷ್ ಆಡುವಂತೆ ಕೇಳಿಕೊಂಡರು, ತಂದೆತಾಯಿ ಒಪ್ಪಿದರು, ಮಕ್ಕಳ ಇಂಗ್ಲಿಷ್ ಸುಧಾರಿಸಿತು, ಆದರೆ ಮನೆ ಮೊದಲಿನಷ್ಟು ಮಾತಿನ ಮನೆಯಾಗಿ ಉಳಿಯಲಿಲ್ಲ. ರೋಡ್ರಿಗಸ್ ಆ ಬದಲಾವಣೆ ಅಗತ್ಯವಾಗಿತ್ತೆಂದೇ ವಾದಿಸಿದವರು. ಆದರೂ ಕಳೆದುಕೊಂಡದ್ದನ್ನು ಅವರು ಮರೆಮಾಚಲಿಲ್ಲ. ಅವರಿಗೆ ಮಾತಿನ ತೊಡಕಿರಲಿಲ್ಲ. ಮಾತೇ ಕಷ್ಟವಾದ ಮಗುವಿನ ಮನೆಯಲ್ಲಿ ತಾಯಿ ತನಗೆ ಸರಿಯಾಗಿ ಬಾರದ ಭಾಷೆಗೆ ಹೊರಳಿದರೆ, ಮಗುವಿಗೆ ಕೇಳಿಸುವ ಮಾತು ಕಡಿಮೆಯಾಗುತ್ತದೆ, ಜೋಗುಳ ಕಥೆ ಹರಟೆಗಳು ನಿಲ್ಲುತ್ತವೆ. ಒಂದು ಭಾಷೆ ಬಿಡಿಸಿದರೆ ತೊಡಕು ನೀಗುತ್ತದೆ ಎಂದು ಯಾವ ಅಧ್ಯಯನವೂ ತೋರಿಸಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಕೂಡ ಎರಡು ಭಾಷೆ ಕಲಿತದ್ದರಿಂದ ಹಿಂದೆ ಬೀಳಲಿಲ್ಲ ಎಂದು ಕೆನಡಾದ ಅಧ್ಯಯನವೊಂದು 2005ರಲ್ಲಿ ತೋರಿಸಿತು.

ಅಮೆರಿಕದ ಈ ಅನುಭವ ಕನ್ನಡಿಗರಿಗೂ ಸಂಬಂಧಪಟ್ಟದ್ದು. ಸ್ಪ್ಯಾನಿಷ್ ಮಕ್ಕಳ ಹೋರಾಟದಿಂದ ಬಲಗೊಂಡ ಕಾಯಿದೆ ಸ್ಪ್ಯಾನಿಷಿಗೆ ಮಾತ್ರ ಸೀಮಿತವಲ್ಲ. ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ ಕನ್ನಡ ಕುಟುಂಬದ ಮಗುವಿಗೂ ಅದರ ರಕ್ಷಣೆ ಇದೆ. ಮಗುವಿನ ಕನ್ನಡವನ್ನೂ ಗಣನೆಗೆ ತೆಗೆದುಕೊಳ್ಳಿ ಎಂದು ತಂದೆತಾಯಿ ಶಾಲೆಯನ್ನು ಕೇಳಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದ ಮಕ್ಕಳಿಗಾಗಿ ಕನ್ನಡದಲ್ಲೇ ಪರೀಕ್ಷೆಗಳನ್ನು ರೂಪಿಸಿದ್ದರ ಹಿಂದೆಯೂ ಇದೇ ವಿವೇಕವಿದೆ. ಬೆಂಗಳೂರಿನ ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಮನೆಗಳ ಮಕ್ಕಳು ಇಂಗ್ಲಿಷ್ ಶಿಶುವಿಹಾರಕ್ಕೆ ಹೋಗುತ್ತಾರೆ. ಅಲ್ಲಿ ಸುಮ್ಮನೆ ಕೂರುವ ಮೂರು ವರ್ಷದ ಮಗುವನ್ನು ಕಂಡು ‘ಮಂದ’ ಎನ್ನುವುದೂ ತಪ್ಪು, ‘ಭಾಷೆ ಜಾಸ್ತಿಯಾಯಿತು, ತಾನಾಗಿ ಸರಿಹೋಗುತ್ತದೆ’ ಎಂದು ಕೈಬಿಡುವುದೂ ತಪ್ಪು.

ಶಿಕ್ಷಕರಾಗಲಿ ವೈದ್ಯರಾಗಲಿ ಇಂಥ ಮಗುವಿನ ಬಗ್ಗೆ ಏನನ್ನಾದರೂ ಬರೆಯುವ ಮೊದಲು ಮನೆಯವರನ್ನು ಕೂರಿಸಿ ಕೇಳಬೇಕಾದ ಪ್ರಶ್ನೆ ಒಂದಿದೆ: ಮನೆಯಲ್ಲಿ ಈ ಮಗು ಯಾರೊಡನೆ, ಯಾವ ಭಾಷೆಯಲ್ಲಿ, ಏನೇನು ಮಾತನಾಡುತ್ತದೆ? ಉತ್ತರ ಸಮಾಧಾನಕರವಾಗಿದ್ದರೆ ಮಗುವಿಗೆ ಹೊಸ ಭಾಷೆ ಕಲಿಯಲು ಸಮಯ ಕೊಡಬೇಕು. ಮನೆಯಲ್ಲೂ ಮಾತು ಕಷ್ಟವೆಂದಾದರೆ ಒಂದು ತಿಂಗಳೂ ತಡಮಾಡದೆ ಕಿವಿಯ ಪರೀಕ್ಷೆಗೂ ವಾಕ್‌ತಜ್ಞರ ಬಳಿಗೂ ಕಳಿಸಬೇಕು.